ಗೆಳತಿಯ ಗುಟ್ಟನ್ನು ಹೇಳಿಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ನನಗೆ 14 ವರ್ಷ. ಕಲಬುರಗಿಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೇನೆ. ಪ್ರತಿ ಬೇಸಿಗೆ ರಜೆಗೂ ಶಹಾಪುರ ತಾಲ್ಲೂಕಿನ ಮುತ್ಯಾನ (ಅಜ್ಜನ) ಊರಿಗೆ ಹೋಗುತ್ತೇನೆ. ಅಲ್ಲಿ ಪಕ್ಕದ ಮನೆಯಲ್ಲಿರುವ ನನ್ನ ವಾರಿಗೆಯ ಹುಡುಗಿ ನನ್ನ ಜೀವದ ಗೆಳತಿ. ಈ ಮೇ ತಿಂಗಳಲ್ಲಿ ಅವಳು ಮೈನೆರೆದಳು. ರಕ್ತ ಕಂಡು, ಸತ್ತೇ ಹೋಗುತ್ತೇನೆಂದು ಹೆದರಿ ದನದ ಕೊಟ್ಟಿಗೆಯಲ್ಲಿ ಅಡಗಿ ಅತ್ತದ್ದನ್ನು ನನಗೊಬ್ಬಳಿಗೇ ಹೇಳಿದ್ದಳು. ಆಮೇಲೆ ಅವಳನ್ನು ಆಟಕ್ಕೆ ಬಿಡಲಿಲ್ಲ. ನಾನೇ ಹೋದರೆ ದೊಡ್ಡವರ ನಡುವೆ ಕುಳಿತು, ‘ನಿನಗೆ ಇದೆಲ್ಲ ತಿಳಿಯುವುದಿಲ್ಲ’ ಎಂದಳು. ಸಿಟ್ಟಿಗೆ ಕೊಟ್ಟಿಗೆಯ ಸಂಗತಿಯನ್ನು ಮಾವನ ಮಕ್ಕಳಿಗೆ ಹೇಳಿ ನಗಿಸಿದೆ. ಅದು ಅವಳ ಕಿವಿಗೆ ಬಿತ್ತು. ನಾನು ಹೊರಡುವ ದಿನ ಅವಳು ಬಾಗಿಲು ತೆರೆಯಲೇ ಇಲ್ಲ. ನನಗಿನ್ನೂ ಮುಟ್ಟು ಆಗಿಲ್ಲ. ಏನು ಮಾಡಲಿ?

ಉತ್ತರ: ಪ್ರಿಯ ಮಗಳೇ, ‘ನನಗಿನ್ನೂ ಮುಟ್ಟು ಆಗಿಲ್ಲ’ ಎಂಬ ಮಾತನ್ನು ನೀನು ಪತ್ರದ ಕೊನೆಗೆ, ಹಿಂದುಮುಂದಿಲ್ಲದೆ ಬರೆದಿರುವೆ. ನಿನ್ನ ಸಿಟ್ಟಿನ ಬೇರು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕಳೆದ ಬೇಸಿಗೆಯವರೆಗೆ ಬೇವಿನ ನೆರಳಿನಲ್ಲಿ ಕುಂಟಾಬಿಲ್ಲೆ ಆಡುತ್ತ ಸರಿಸಮಾನರಾಗಿದ್ದವರಲ್ಲಿ ಒಬ್ಬಳು ಹೊಸ ಸೀರೆಯುಟ್ಟು, ಆರತಿ ಎತ್ತಿಸಿಕೊಂಡು ದೊಡ್ಡವರ ಸಾಲಿನಲ್ಲಿ ಕುಳಿತಾಗ, ಇನ್ನೊಬ್ಬಳಿಗೆ ತಾನು ಹಿಂದೆ ಉಳಿದೆನೆಂದು ಅನ್ನಿಸುವುದು ಸಹಜ. ಆದರೆ ಕೆಲವರಿಗೆ 10ರಲ್ಲೇ ಮುಟ್ಟು ಶುರುವಾಗುತ್ತದೆ, ಕೆಲವರಿಗೆ 15ರಲ್ಲಿ. ನಿನಗೆ ತಡವಾಗಿಲ್ಲ. 15 ತುಂಬಿದರೂ ಆಗದಿದ್ದರೆ ಅಮ್ಮನೊಂದಿಗೆ ಹೋಗಿ ವೈದ್ಯರನ್ನು ಕಂಡರಾಯಿತು.

ಈಗ ಅವಳ ಕಡೆಯಿಂದ ನೋಡು. ಮುಟ್ಟಿನ ಬಗ್ಗೆ ಮನೆಯವರು ಮೊದಲೇ ನಾಲ್ಕು ಮಾತು ಹೇಳಿದ್ದರೆ ಅವಳು ಕೊಟ್ಟಿಗೆಯಲ್ಲಿ ಅಡಗಬೇಕಾಗಿರಲಿಲ್ಲ; ಅದು ಹಿರಿಯರ ತಪ್ಪು, ಅವಳ ದಡ್ಡತನವಲ್ಲ. ಅಲ್ಲಿಂದ ಎದ್ದು ಬಂದವಳನ್ನು, ಮುಟ್ಟು ಮೈಲಿಗೆಯೆಂಬ ಸುಳ್ಳು ನಂಬಿಕೆಯಿಂದ ಒಂದು ಮೂಲೆಯಲ್ಲಿ ಕೂರಿಸಿ, ಓಡಬೇಡ, ನಗಬೇಡ ಎಂದಿರಲೂಬಹುದು. ‘ನಿನಗೆ ತಿಳಿಯುವುದಿಲ್ಲ’ ಎಂದು ನಿನಗೆ ಹೇಳಿದವಳು ಅದೇ ಮಾತನ್ನು ಆ ವಾರವೆಲ್ಲ ತಾನೇ ಕೇಳಿಸಿಕೊಂಡಿದ್ದಾಳು. ಆ ಮನೆಯಲ್ಲಿ ಅವಳು ತನ್ನ ಹೆದರಿಕೆಯನ್ನು ಯಾರಿಗೂ ಹೇಳದೆ ನಿನಗೆ ಹೇಳಿದಳು. ಅದನ್ನೇ ನೀನು ನಗೆಗೆ ಈಡು ಮಾಡಿದೆ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ನಿನಗೂ ಇದು ತಿಳಿದಿರುವುದರಿಂದಲೇ ನೀನು ಪತ್ರ ಬರೆದಿರುವೆ.

ಮೊದಲು ಮಾವನ ಮಕ್ಕಳೊಂದಿಗೆ ಮಾತನಾಡು. ‘ನಾನು ಹೇಳಬಾರದಿತ್ತು, ನೀವು ಮತ್ತೆ ಆ ಮಾತು ಎತ್ತಬೇಡಿ’ ಎಂದು ಕೇಳಿಕೊ. ಅವರೆದುರು ನಿನಗೆ ನಾಚಿಕೆಯಾಗುತ್ತದೆ, ಆಗಲಿ. ಆನಂತರ ಅವಳಿಗೆ ಒಂದು ಪತ್ರ ಬರೆದು ಊರಿನಲ್ಲಿರುವ ಆಯಿಯ (ಅಜ್ಜಿಯ) ಕೈಯಿಂದ ಮುಟ್ಟಿಸು. ಫೋನ್ ಬೇಡ, ಹಳ್ಳಿಯ ಮನೆಗಳಲ್ಲಿ ಫೋನು ಸಾಮಾನ್ಯವಾಗಿ ದೊಡ್ಡವರ ಕೈಯಲ್ಲೇ ಇರುತ್ತದೆ, ಅವರೆದುರು ಅವಳು ಮನಸ್ಸು ಬಿಚ್ಚಲಾರಳು. ಪತ್ರವನ್ನೂ ಮನೆಯವರು ಓದಬಹುದಾದ್ದರಿಂದ ಕೊಟ್ಟಿಗೆಯ ಸುದ್ದಿಯನ್ನು ಅದರಲ್ಲಿ ಮತ್ತೆ ಬರೆಯಬೇಡ. ‘ನೀನು ನಂಬಿ ಹೇಳಿದ್ದನ್ನು ನಾನು ಉಳಿಸಿಕೊಳ್ಳಲಿಲ್ಲ, ತಪ್ಪಾಯಿತು’ ಎಂದರೆ ಅವಳಿಗೆ ಅರ್ಥವಾಗುತ್ತದೆ. ‘ನೀನು ಹಾಗೆ ಅಂದದ್ದಕ್ಕೆ’ ಎಂಬ ಸಬೂಬು ಒಂದು ಸಾಲಿನಲ್ಲಿಯೂ ಬರಕೂಡದು.

ಉತ್ತರ ಬಾರದಿದ್ದರೆ ಶ್ರಾವಣದವರೆಗೆ ಸುಮ್ಮನಿರು. ನಾಗರ ಪಂಚಮಿಗೆ ಮನೆಯವರನ್ನು ಒಪ್ಪಿಸಿ ಊರಿಗೆ ಹೋಗು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ವರ್ಷವೆಲ್ಲ ಹೊಸಿಲು ದಾಟಲು ಬಿಡದವರೂ ಅಂದು ಮಗಳನ್ನು ಜೋಕಾಲಿಗೆ ಕಳುಹಿಸುತ್ತಾರೆ. ಅವಳು ಬಂದರೆ ಪಕ್ಕದಲ್ಲಿ ನಿಲ್ಲು, ಬಾರದಿದ್ದರೆ ಅವಳ ಬಾಗಿಲು ಬಡಿಯಬೇಡ. ಕ್ಷಮಿಸುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

ಇನ್ನೊಂದು ಮಾತು. ಅವಳು ಮತ್ತೆ ನಿನ್ನನ್ನು ನಂಬಿ, ಮನೆಯಲ್ಲಿ ಶಾಲೆ ಬಿಡಿಸುವ, ಮದುವೆ ನಿಶ್ಚಯಿಸುವ ಮಾತು ನಡೆದಿದೆಯೆಂದು ಹೇಳಿದರೆ, ಅದನ್ನು ಗುಟ್ಟಾಗಿ ಇಡಬೇಡ. 18 ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ನಿನ್ನ ಅಮ್ಮನಿಗೆ ಹೇಳು, ಇಲ್ಲವೆ 1098ಕ್ಕೆ ಕರೆ ಮಾಡು. ಅದು ಮಕ್ಕಳ ಸಹಾಯವಾಣಿ, ಕರೆಗೆ ಹಣ ಬೀಳುವುದಿಲ್ಲ. ಹೀಗೆ ಮಾಡುತ್ತೇನೆಂದು ಮೊದಲು ಅವಳಿಗೇ ತಿಳಿಸು. ಈ ಸಲ ನಿನ್ನ ಮಾತು ಅವಳ ಬೆನ್ನ ಹಿಂದೆ ಹೋಗಬಾರದು.