ಏಳನೇ ಕ್ಲಾಸಿನ ಮಗಳು ಶಾಲಾ ಸಂಸತ್ತಿನ ಚುನಾವಣೆಗೆ ನಿಲ್ಲುತ್ತೇನೆ ಅಂತಾಳೆ. ಓದಿಗೆ ಅಡ್ಡಿ ಆಗಲ್ವಾ? ಮುಂದೆ ಏನಾದರೂ ಉಪಯೋಗ ಇದೆಯಾ?

ನಿಲ್ಲಲಿ ಬಿಡಿ. ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಈ ಚುನಾವಣೆ ನಡೆಸುವ ಕೆಲಸ ಪ್ರತಿ ಜೂನ್‌ನಲ್ಲಿ ನನ್ನ ತಲೆಗೇ ಬರುತ್ತದೆ. ಇದರಿಂದ ಯಾರದಾದರೂ ಓದು ಹಾಳಾಗಿದ್ದು ನಾನಂತೂ ನೋಡಿಲ್ಲ. ಪ್ರಚಾರದ ವಾರ ಸ್ವಲ್ಪ ಗಲಾಟೆ ಇರುತ್ತದೆ, ಅಷ್ಟೇ.

ಆದರೆ ಹೆಸರು ಕೊಡುವ ಮೊದಲು ಅವಳ ಟೀಚರ್ ಹತ್ತಿರ ಒಂದು ಮಾತು ಕೇಳಿ: ಗೆದ್ದವರಿಗೆ ವರ್ಷವಿಡೀ ಏನು ಕೆಲಸ ಕೊಡುತ್ತೀರಿ ಅಂತ. ಯಾಕೆಂದರೆ ಎಷ್ಟೋ ಕಡೆ ಚುನಾವಣೆ ಮಾತ್ರ ಜೋರು. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ ಎಲ್ಲಾ ಇರುತ್ತದೆ. ಈಗ ಮೊಬೈಲಿನಲ್ಲೇ ಮತಯಂತ್ರದ ಆಪ್ ಬಂದಿದೆ, ಬೀಪ್ ಅಂದಿದ್ದು ಕೇಳಿ ಖುಷಿಯಾದ ಒಂದನೇ ಕ್ಲಾಸಿನವರು ಇನ್ನೊಂದು ಸಲ ಒತ್ತುತ್ತೇವೆ ಅಂತ ಅಲ್ಲೇ ನಿಂತುಬಿಡುತ್ತಾರೆ. ಪ್ರಮಾಣವಚನ ಆಗುತ್ತದೆ, ಬ್ಯಾಡ್ಜ್ ಹಾಕಿ ಫೋಟೋ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಮುಖ್ಯಮಂತ್ರಿ ಅಂದರೆ ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಅದಕ್ಕೆ ನಾನು ಚಾಡಿ ಇಲಾಖೆ ಅಂತೀನಿ.

ಚಿಕ್ಕವರಿಗೆ ದೊಡ್ಡ ಹುದ್ದೆ ಕೊಡೋದು ನಮ್ಮ ಶಿವಮೊಗ್ಗ ಜಿಲ್ಲೆಗೇನೂ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ತಮ್ಮದೇ ಸರ್ಕಾರ ಅಂತ ಘೋಷಿಸಿಕೊಂಡಾಗ ಒಬ್ಬ ಹುಡುಗನನ್ನು ಅಮಲ್ದಾರ (ಈಗಿನ ತಹಶೀಲ್ದಾರ), ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದ್ದರು. ಪ್ರಮಾಣವಚನದ ದಿನ ಇದನ್ನು ಹೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ನಾವು ಏನು ಮಾಡಿದ್ದೇವೆ ಅಂದರೆ, ತಪ್ಪಿದರೆ ಎಲ್ಲರಿಗೂ ಗೊತ್ತಾಗುವಂಥ ಕೆಲಸವನ್ನೇ ಮಂತ್ರಿಗಳಿಗೆ ಕೊಟ್ಟಿದ್ದೇವೆ. ಆಹಾರ ಮಂತ್ರಿ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲಾ ಕ್ಲಾಸಿನ ಹಾಜರಿ ಕೂಡಿಸಿ ಅಡುಗೆಯವರಿಗೆ ಲೆಕ್ಕ ಹೇಳಬೇಕು. ಅದರ ಮೇಲೆ ಅಕ್ಕಿ ಅಳೆಯೋದು. ಲೆಕ್ಕ ತಪ್ಪಿದರೆ ಕೊನೆಯ ಸಾಲಿನವರಿಗೆ ಅನ್ನ ಸಾಲಲ್ಲ, ಆಗ ಮಂತ್ರಿಗಳನ್ನು ವಿಚಾರಿಸಿಕೊಳ್ಳೋಕೆ ಮೇಷ್ಟ್ರೇ ಬೇಕಿಲ್ಲ.

ಆರೋಗ್ಯ ಮಂತ್ರಿಗೆ ನಮ್ಮ ಕಡೆ ಉಗುರು ನೋಡೋದಕ್ಕಿಂತ ದೊಡ್ಡ ಕೆಲಸ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಮಳೆ ನಿಂತು ಚಳಿ ಶುರುವಾದ ಮೇಲೆ ಮನೆಯವರು ದರಗು, ಅಂದರೆ ಒಣಗಿದ ಎಲೆ, ತರೋಕೆ ಕಾಡಿಗೆ ಹೋಗುತ್ತಾರೆ, ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಮೈಗೆ ಹತ್ತಿಸಿಕೊಂಡು ಬರುತ್ತಾರೆ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆಯವರು ಎಣ್ಣೆ ಕೊಟ್ಟಿರುತ್ತಾರೆ, ಅದು ಅಟ್ಟದ ಮೇಲೆ ಕೂತಿರುತ್ತದೆ. ಆಶಾ ಕಾರ್ಯಕರ್ತೆ ಹೇಳಿದರೆ 'ಹೂಂ' ಅಂದು ಕಳಿಸುವ ಅಜ್ಜಿ, ಮೊಮ್ಮಗಳು ಬಾಟಲಿ ಹಿಡಿದು ಬಾಗಿಲಲ್ಲಿ ನಿಂತರೆ ಬೈದುಕೊಂಡೇ ಕಾಲು ಚಾಚುತ್ತಾಳೆ. ಕಾಡಲ್ಲಿ ಮಂಗ ಸತ್ತುಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಮೊದಲು ದೊಡ್ಡವರಿಗೆ ಹೇಳಿ ಅನ್ನೋದನ್ನೂ ಈ ಮಂತ್ರಿಯೇ ಪ್ರಾರ್ಥನೆಯಲ್ಲಿ ಹೇಳುತ್ತಾಳೆ.

ಇನ್ನೊಂದು ಖಾತೆ ನಿಮ್ಮ ಕಡೆ ಇರಲಿಕ್ಕಿಲ್ಲ. ನಮ್ಮ ಶಾಲೆಗೆ ಬರುವ ದಾರಿಯಲ್ಲಿ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ. ಜುಲೈನಲ್ಲಿ ನೀರು ಕೆಂಪಗೆ ತುಂಬಿ ಹರಿಯುತ್ತದೆ. ಒಂದು ವರ್ಷ ಆರನೇ ಕ್ಲಾಸಿನ ಹುಡುಗಿಯೊಬ್ಬಳು ತಾನಾಗಿಯೇ ಸಣ್ಣವರನ್ನು ದಾಟಿಸುತ್ತಿದ್ದಳು. ಮೊದಲು ಎಲ್ಲರ ಛತ್ರಿ ಮಡಚಿಸೋದು, ಯಾಕೆಂದರೆ ಸಂಕದ ಮಧ್ಯೆ ಗಾಳಿ ಬಂದರೆ ಛತ್ರಿ ಮಗುವನ್ನೇ ಎಳೆಯುತ್ತದೆ. ಆಮೇಲೆ ಚೀಲಗಳನ್ನೆಲ್ಲ ತಾನು ಹೊತ್ತು ಆಚೆ ಇಟ್ಟು ಬರೋದು, ಒಬ್ಬೊಬ್ಬರನ್ನೇ ಕೈ ಹಿಡಿದು ಕರೆದುಕೊಂಡು ಹೋಗೋದು, ಕೊನೆಗೆ ತಲೆ ಎಣಿಸೋದು. ಅವಳು ಯಾವ ಚುನಾವಣೆಗೂ ನಿಂತವಳಲ್ಲ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವಂಥ ಮಗು. ನಿಜ ಹೇಳಬೇಕೆಂದರೆ ಇದು ಮಕ್ಕಳು ಮಾಡಬೇಕಾದ ಕೆಲಸವೇ ಅಲ್ಲ. ಹಾಗಾಗಿ ಈಗ ಮಳೆಗಾಲದಲ್ಲಿ ಒಬ್ಬ ದೊಡ್ಡವರು ಅಲ್ಲಿ ನಿಲ್ಲಬೇಕು ಅಂತ ಪೋಷಕರೇ ಸರದಿ ಹಾಕಿಕೊಂಡಿದ್ದಾರೆ, ಮಂತ್ರಿಗೆ ಎಣಿಸುವ ಕೆಲಸ ಮಾತ್ರ. ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಅದೇ ಹುಡುಗಿ ಎದ್ದು 'ಸಂಕಕ್ಕೆ ಕೈ ಹಿಡ್ಕಳಕ್ಕೆ ಏನೂ ಇಲ್ಲ ಸರ್' ಅಂದಳು. ಅಷ್ಟೇ ಅಂದಿದ್ದು. ನಾವು ದೊಡ್ಡವರು ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದೆವು, ಮುಂದಿನ ಮಳೆಗಾಲಕ್ಕೆ ಪೈಪು ಬಂತು. ಒಂದೇ ಕಡೆಗೆ! ಇನ್ನೊಂದು ಕಡೆಯದು ಬರೋಕೆ ಇನ್ನೊಂದು ಗ್ರಾಮಸಭೆ ಬೇಕೋ ಏನೋ. ನಿಮ್ಮ ಪಂಚಾಯ್ತಿಯಲ್ಲೂ ಇದು ವರ್ಷಕ್ಕೊಮ್ಮೆ ನಡೆಯಬೇಕು, ಮಗಳು ಗೆಲ್ಲಲಿ ಸೋಲಲಿ ಅಲ್ಲಿಗಂತೂ ಕಳಿಸಿ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಸೇವೆ ಅನ್ನೋ ಹೆಸರಲ್ಲಿ ಮಕ್ಕಳ ಕೈಲಿ ಶೌಚಾಲಯ ತೊಳೆಸುವ ಹಾಗಿಲ್ಲ, ಶಿಕ್ಷಣ ಇಲಾಖೆಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಸ ಗುಡಿಸೋದಾದರೆ ಸರದಿಯಲ್ಲಿ ಎಲ್ಲರೂ ಗುಡಿಸಲಿ. ಪೊರಕೆ ಯಾವಾಗಲೂ ಹೆಣ್ಣುಮಕ್ಕಳ ಕೈಯಲ್ಲಿ, ಮೈಕು ಯಾವಾಗಲೂ ಗಂಡುಮಕ್ಕಳ ಕೈಯಲ್ಲಿ ಇದ್ದರೆ ನೀವು ಹೋಗಿ ಕೇಳಲೇಬೇಕು.

ಮುಂದೆ ಉಪಯೋಗ ಅಂದಿರಲ್ಲ, ಸರ್ಟಿಫಿಕೇಟು ಸೀಟಿನ ಲೆಕ್ಕದಲ್ಲಿ ಕೇಳಿದ್ದರೆ, ಶಾಲಾ ಸಂಸತ್ತಿಗೆ ಅಂಥದ್ದೇನೂ ಇಲ್ಲ. ಹೈಸ್ಕೂಲಿಗೆ ಹೋದ ಮೇಲೆ ಗೈಡ್ಸ್ ಅಥವಾ ಎನ್‌ಸಿಸಿ ಇದ್ದರೆ ಸೇರಿಸಿ, ಸಿಇಟಿಯಲ್ಲಿ ಅವರಿಗೆ ವಿಶೇಷ ಕೋಟಾ ಇದೆ. ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಅಂದರೆ ಎನ್‌ಎಸ್‌ಎಸ್ ಇರುತ್ತದೆ, 1969ರಲ್ಲಿ ಶುರುವಾಗಿದ್ದು. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜತೆಗೆ ಯಾವುದಾದರೂ ಹಳ್ಳಿಯಲ್ಲಿ 7 ದಿನದ ಶಿಬಿರ. ಅದೆಲ್ಲ ಆಮೇಲೆ ನೋಡಿಕೊಳ್ಳಬಹುದು.

ಈಗ ಚುನಾವಣೆಗೆ ನೀವು ಮಾಡಬೇಕಾದ್ದು ಏನೂ ಇಲ್ಲ. ಭಾಷಣ ಬರೆದುಕೊಡಬೇಡಿ, ಅವಳೇ ಬರೆಯಲಿ. ಚಾಕ್ಲೇಟ್ ಗೀಕ್ಲೇಟ್ ಹಂಚಿಸಲೇಬೇಡಿ. ನಮ್ಮಲ್ಲಿ ಒಬ್ಬ ಅಪ್ಪ ಮಗನ ಪರವಾಗಿ ಕ್ಲಾಸ್ ಕ್ಲಾಸಿಗೆ ಲಾಡು ಹಂಚಿದರು, ನಾವು ನಾಮಪತ್ರ ರದ್ದು ಮಾಡಿದೆವು. ಹುಡುಗ ತಲೆಯೇ ಕೆಡಿಸಿಕೊಳ್ಳಲಿಲ್ಲ, ಮಧ್ಯಾಹ್ನ ಎದುರಾಳಿಯ ಜತೆಗೇ ಕಬಡ್ಡಿ ಆಡುತ್ತಿದ್ದ. ಅಪ್ಪ ಮಾತ್ರ ತಿಂಗಳುಗಟ್ಟಲೆ ನನ್ನ ಮುಖ ನೋಡಿದರೆ ಸ್ಕೂಟರ್ ತಿರುಗಿಸಿಕೊಂಡು ಹೋಗುತ್ತಿದ್ದರು.