ಮ್ಯೂನಿಕ್‌ಗೆ ಯಾವಾಗ ಹೊರಡಬೇಕು: ತೆರಿಗೆ ಲೆಕ್ಕ

ನೀವು ಕೇಳಿದ್ದು ಇದು: ರಾಜಾಜಿನಗರದ ಮನೆಯಲ್ಲೇ ಕೂತು ಸ್ವಂತವಾಗಿ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡುತ್ತಿದ್ದೀರಿ. ಈಗ ಇಲ್ಲಿ, ಮ್ಯೂನಿಕ್‌ನಲ್ಲಿ, ಸಂಬಳದ ಕೆಲಸ ಸಿಕ್ಕಿದೆ. ನವೆಂಬರ್ ಒಳಗೆ ಯಾವಾಗ ಸೇರಿದರೂ ಆಗುತ್ತದೆ. ತೆರಿಗೆ ಎಲ್ಲಿ ಕಟ್ಟಬೇಕು? ಅಮ್ಮ ದಸರಾ ಮುಗಿಸಿಕೊಂಡು ಹೋಗು ಅನ್ನುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ನನ್ನ ಕೇಳಿದರೆ, ಗೌರಿ-ಗಣೇಶ ಮುಗಿಸಿ ಹೊರಟುಬಿಡಿ.

ಭಾರತದಲ್ಲಿ ತೆರಿಗೆ ವರ್ಷ ಏಪ್ರಿಲ್ 1ಕ್ಕೆ ಶುರು. ಕೆಲಸಕ್ಕೆಂದು ದೇಶ ಬಿಡುವವರು ಆ ವರ್ಷ 182 ದಿನ ಅಲ್ಲಿದ್ದರೆ ರೆಸಿಡೆಂಟ್ (ತೆರಿಗೆ ಲೆಕ್ಕಕ್ಕೆ ಭಾರತದ ನಿವಾಸಿ), ಕಡಿಮೆಯಾದರೆ ಎನ್‌ಆರ್‌ಐ. ಏಪ್ರಿಲ್‌ನಿಂದ ಊರು ಬಿಟ್ಟು ಕದಲದಿದ್ದರೆ ಸೆಪ್ಟೆಂಬರ್ 28ಕ್ಕೆ 181 ದಿನ ಆಗುತ್ತದೆ. ವಿಮಾನ ಹತ್ತುವ ದಿನವನ್ನೂ ಸೇರಿಸಿಯೇ ಎಣಿಸಿ. (2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳೆಲ್ಲ ಬದಲಾದವು, ಈ 182 ಮಾತ್ರ ಹಾಗೇ ಇದೆ.) ಅರ್ಧ ವರ್ಷ ರೆಸಿಡೆಂಟ್, ಇನ್ನರ್ಧ ಎನ್‌ಆರ್‌ಐ ಅನ್ನುವ ವ್ಯವಸ್ಥೆ ಅಲ್ಲಿಲ್ಲ. ನವೆಂಬರ್‌ನಲ್ಲಿ ಬಂದಿರಿ ಅನ್ನಿ, ಇಡೀ ವರ್ಷ ರೆಸಿಡೆಂಟ್ ಆಗಿಬಿಡುತ್ತೀರಿ, ಮಾರ್ಚ್‌ವರೆಗಿನ ಜರ್ಮನ್ ಸಂಬಳವನ್ನೂ ಭಾರತದ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿ ಕಟ್ಟಿದ್ದಕ್ಕೆ ಅಲ್ಲಿ ಕ್ರೆಡಿಟ್ ಸಿಗುತ್ತದೆ, ನಿಜ. ಆದರೆ ಅದಕ್ಕೊಂದು ಬೇರೆ ಫಾರ್ಮ್. ಇಲ್ಲಿ ತೆರೆದ ಬ್ಯಾಂಕ್ ಖಾತೆಯನ್ನೂ ವಿದೇಶಿ ಆಸ್ತಿ ಪಟ್ಟಿಯಲ್ಲಿ ಬರೆಯಬೇಕು. ಆ ಪಟ್ಟಿಗೆ ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. ಯಾಕೆ ಅಂತ ನನ್ನ ಕೇಳಬೇಡಿ.

ಬೇಗ ಹೊರಟರೂ ಸ್ವಂತ ಕೆಲಸದವರಿಗೆ ಒಂದು ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಷ್ಟು ದಿನ ಸುಗಮ್ ಅನ್ನುವ ಸರಳ ರಿಟರ್ನ್ ಫಾರ್ಮ್‌ನಲ್ಲಿ, ಬಂದ ದುಡ್ಡಿನಲ್ಲಿ ಅರ್ಧ ಲಾಭ ಅಂತ ತೋರಿಸಿ ಮುಗಿಸುತ್ತಿದ್ದಿರಿ, ಅಲ್ವಾ? ಆ ಅನುಕೂಲ ರೆಸಿಡೆಂಟ್‌ಗಳಿಗೆ ಮಾತ್ರ. ಎನ್‌ಆರ್‌ಐ ಆದ ವರ್ಷ, ಹೊರಡುವ ತನಕದ ದುಡಿಮೆಗೆ ನಿಜವಾದ ಖರ್ಚಿನ ಲೆಕ್ಕ ಕೊಟ್ಟು ಐಟಿಆರ್-3 ಅನ್ನುವ ದೊಡ್ಡ ಫಾರ್ಮ್ ಹಾಕಬೇಕು. ಲ್ಯಾಪ್‌ಟಾಪ್ ಬಿಲ್, ಇಂಟರ್ನೆಟ್ ಬಿಲ್, ಆಡಿಟರ್ ಫೀಸಿನ ರಸೀದಿ, ಒಂದನ್ನೂ ಬಿಸಾಡಬೇಡಿ. ಮುಂಗಡ ತೆರಿಗೆಯನ್ನೂ ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟುವ ಹಾಗಿಲ್ಲ. ಜೂನ್ 15, ಸೆಪ್ಟೆಂಬರ್ 15 ಅಂತ ಕಂತು ಬರುತ್ತದೆ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಅರ್ಧದಷ್ಟು ಖರ್ಚು ಎಲ್ಲಿರುತ್ತದೆ? ಹಾಗಾಗಿ ಆ ಭಾಗಕ್ಕೆ ತೆರಿಗೆ ಜಾಸ್ತಿಯೇ ಬೀಳುತ್ತದೆ. ಏಪ್ರಿಲ್‌ನಿಂದ ಕ್ಲೈಂಟ್‌ಗಳಿಗೆ ದೊಡ್ಡ ದೊಡ್ಡ ಬಿಲ್ ಹಾಕಿದ್ದರೆ ಲೆಕ್ಕ ತಿರುಗುಮುರುಗು. ಆಗ ದಸರಾ ಗೊಂಬೆ ನೋಡಿಕೊಂಡೇ ಬನ್ನಿ. ಎರಡೂ ತಾರೀಖಿಗೆ ಲೆಕ್ಕ ಹಾಕಿಕೊಡಿ ಅಂತ ಈಗಲೇ ಆಡಿಟರ್‌ಗೆ ಹೇಳಿ.

ಜರ್ಮನಿಯಲ್ಲಿ ಇರುವುದಕ್ಕೆ ಅಂತ ಮನೆ ಹಿಡಿದಾಗಿನಿಂದಲೇ ನೀವು ರೆಸಿಡೆಂಟ್. ಇಲ್ಲಿನ ವರ್ಷ ಜನವರಿಯಿಂದ. ಮೊದಲ ರಿಟರ್ನ್‌ನಲ್ಲಿ, ಜನವರಿಯಿಂದ ಬೆಂಗಳೂರಿನಲ್ಲಿ ದುಡಿದದ್ದನ್ನೂ ಹೇಳಬೇಕು. ಅದಕ್ಕೆ ಇವರು ತೆರಿಗೆ ಹಾಕುವುದಿಲ್ಲ. ನಿಮ್ಮ ಸಂಬಳಕ್ಕೆ ಎಷ್ಟು ದರ ಅಂತ ನೋಡುವಾಗ ಸೇರಿಸಿಕೊಳ್ಳುತ್ತಾರೆ, ಅಷ್ಟೇ. ವರ್ಷದ ಮಧ್ಯೆ ಬಂದವರಿಗೆ ಭಾರಿ ರೀಫಂಡ್ ಬರುತ್ತದೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ನಿಮಗೆ ಅಷ್ಟು ಬರುವುದಿಲ್ಲ.

ಇಲ್ಲಿ ಬಂದ ಮೇಲೆ ಹಳೆ ಕ್ಲೈಂಟ್ ‘ಒಂದು ಚಿಕ್ಕ ಕೆಲಸ ಮಾಡಿಕೊಡಿ’ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ದುಡ್ಡು ಬೆಂಗಳೂರಿನ ಖಾತೆಗೆ ಬಿದ್ದರೂ ಕೆಲಸ ಆಗಿದ್ದು ಜರ್ಮನಿಯಲ್ಲಿ, ತೆರಿಗೆ ಲೆಕ್ಕ ಇಲ್ಲೂ ಕೊಡಬೇಕು. ಜೊತೆಗೆ ನಿಮ್ಮ ವೀಸಾದಲ್ಲಿ ಸ್ವಂತ ಕೆಲಸಕ್ಕೆ ಅನುಮತಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬೇರೆ.

ಜಿಎಸ್‌ಟಿ ನಂಬರ್ ಇದ್ದರೆ ರದ್ದು ಮಾಡಿಸಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಒಂದಿದೆ, ಅದನ್ನು ಜನ ಮರೆಯುತ್ತಾರೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಿ. ಅದರ ಬಡ್ಡಿಗೆ ಬ್ಯಾಂಕ್‌ನವರು 30% ಮತ್ತು ಅದರ ಮೇಲೆ ಸೆಸ್ ಹಿಡಿಯುತ್ತಾರೆ, ಗಾಬರಿಯಾಗಬೇಡಿ, ಹೆಚ್ಚು ಹಿಡಿದದ್ದು ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಹಾಗೇ ಆಧಾರ್‌ಗೆ ಜೋಡಿಸಿದ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡು ಬನ್ನಿ. ರಿಟರ್ನ್ ಹಾಕಿದ 30 ದಿನದೊಳಗೆ ವೆರಿಫೈ ಮಾಡಬೇಕು, ಆಧಾರ್ ಓಟಿಪಿ ಬರುವುದು ಆ ನಂಬರಿಗೇ.