ಲಂಡನ್‌ನಲ್ಲಿ ರಾತ್ರಿ ಹೊತ್ತು ಮಿನಿಕ್ಯಾಬ್ ಹತ್ತಬಹುದಾ?

ನಿಮ್ಮ ತಂಗಿ ಓದೋಕೆ ಲಂಡನ್‌ಗೆ ಬರ್ತಿದ್ದಾರೆ, ರಾತ್ರಿ ಒಬ್ಬರೇ ಮಿನಿಕ್ಯಾಬ್ ಹತ್ತಿದರೆ ಭಯ ಇಲ್ವಾ ಅಂತ ಕೇಳಿದ್ದೀರಿ. ಬುಕ್ ಮಾಡಿದ ಕ್ಯಾಬ್ ಆದರೆ ಧೈರ್ಯವಾಗಿ ಹತ್ತಲಿ. ಬುಕ್ ಮಾಡದ ಕ್ಯಾಬ್ ಮಾತ್ರ ಬೇಡವೇ ಬೇಡ.

ಇಲ್ಲಿ ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಬ್ಲ್ಯಾಕ್ ಕ್ಯಾಬ್, ಅಂದರೆ ಲಂಡನ್‌ನ ಟ್ಯಾಕ್ಸಿ. ಮಿನಿಕ್ಯಾಬ್ ಆದರೆ ಲೈಸೆನ್ಸ್ ಇರುವ ಆಪರೇಟರ್ (ಬುಕಿಂಗ್ ತೆಗೆದುಕೊಳ್ಳುವ ಕಂಪನಿ) ಮೂಲಕ ಮೊದಲೇ ಬುಕ್ ಆಗಿರಬೇಕು. ಊಬರ್, ಬೋಲ್ಟ್ ಕೂಡ ಕಾನೂನಿನ ಲೆಕ್ಕದಲ್ಲಿ ಮಿನಿಕ್ಯಾಬೇ.

1998ರ ಕಾಯ್ದೆ ಜಾರಿಗೆ ಬರುವ ತನಕ ಲಂಡನ್‌ನಲ್ಲಿ ಮಿನಿಕ್ಯಾಬ್‌ಗೆ ಲೈಸೆನ್ಸೇ ಇರಲಿಲ್ಲ. ಈಗ ಆಪರೇಟರ್, ಡ್ರೈವರ್, ಕಾರು ಮೂರಕ್ಕೂ ಬೇಕು. ಕೊಡೋದು ನಗರದ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಅಂದರೆ ಟಿಎಫ್ಎಲ್. ಡ್ರೈವರ್ ಮೇಲೆ ಹಳೇ ಕೇಸ್ ಇದೆಯಾ, ಆರೋಗ್ಯ ಸರಿ ಇದೆಯಾ ಅಂತ ನೋಡಿಯೇ ಕೊಡುತ್ತಾರೆ. ಆದರೆ ಬುಕಿಂಗ್ ಇಲ್ಲದಿದ್ದರೆ ಇದೆಲ್ಲ ಇದ್ದೂ ಇಲ್ಲದ ಹಾಗೆ. ಯಾರು ಯಾರನ್ನು ಎಲ್ಲಿಂದ ಕರ್ಕೊಂಡು ಹೋದರು ಅನ್ನೋದಕ್ಕೆ ದಾಖಲೆ ಇರೋದಿಲ್ಲ, ವಿಮೆಯೂ ಇಲ್ಲ. ಲೈಸೆನ್ಸ್ ಇರುವ ಡ್ರೈವರೇ ಆದರೂ ಅಷ್ಟೇ.

ಶನಿವಾರ ರಾತ್ರಿ ಕ್ಲಬ್‌ಗಳ ಮುಂದೆ ನಿಂತರೆ ಗೊತ್ತಾಗುತ್ತೆ. ಒಬ್ಬರು ಹತ್ತಿರ ಬಂದು ಮೆಲ್ಲಗೆ "ಕ್ಯಾಬ್ ಬೇಕಾ?" ಅಂತಾರೆ. ಚಳಿ, ಫೋನ್‌ನಲ್ಲಿ ಚಾರ್ಜ್ ಇಲ್ಲ, ಟ್ಯೂಬ್ (ಸುರಂಗ ರೈಲು) ರಾತ್ರಿಯಿಡೀ ಎಲ್ಲ ಲೈನಲ್ಲೂ ಓಡೋದಿಲ್ಲ. ಜನ ಹತ್ತಿಬಿಡೋದು ಆಗಲೇ. ತಂಗಿಗೆ ಒಂದು ಪವರ್ ಬ್ಯಾಂಕ್ ಕೊಡಿಸಿ, ಸುಮ್ನೆ ಹೇಳ್ತಿಲ್ಲ.

ಆ್ಯಪ್ ಇದೆ ಅಂತ ಪೂರ್ತಿ ನಿರಾಳವಾಗೋದೂ ಬೇಡ. 2019ರಲ್ಲಿ ಟಿಎಫ್ಎಲ್ ಊಬರ್‌ಗೆ ಲೈಸೆನ್ಸ್ ಕೊಡಲಿಲ್ಲ. ಬೇರೆ ಡ್ರೈವರ್‌ಗಳ ಅಕೌಂಟಿಗೆ ತಮ್ಮ ಫೋಟೋ ಹಾಕಿಕೊಂಡು ಕೆಲವರು ಓಡಿಸಿದ್ದರು. ಅಂಥ ಟ್ರಿಪ್ ಕಡಿಮೆಯೆಂದರೂ 14,000 ಆಗಿದ್ದವು. ಮರುವರ್ಷ ಕೋರ್ಟಿನಲ್ಲಿ ಲೈಸೆನ್ಸ್ ಮತ್ತೆ ಸಿಕ್ಕಿತು. ಹಾಗಾಗಿ ಹತ್ತುವ ಮುಂಚೆ ನಂಬರ್ ಪ್ಲೇಟ್, ಡ್ರೈವರ್ ಮುಖ ಎರಡೂ ಫೋನ್‌ನಲ್ಲಿರೋದಕ್ಕೆ ಹೊಂದುತ್ತಾ ನೋಡಲಿ. ತಾವೇ ಹೆಸರು ಹೇಳಬಾರದು. "ಯಾರನ್ನು ಕರ್ಕೊಂಡು ಹೋಗೋಕೆ ಬಂದಿದ್ದೀರಿ?" ಅಂತ ಕೇಳಲಿ. ಬುಕಿಂಗ್ ನಿಜವಾಗಿದ್ದರೆ ಅವರೇ ಹೆಸರು ಹೇಳುತ್ತಾರೆ.

ಬುಕ್ ಮಾಡಿದ ಕಾರಿನ ಮೇಲೆ ವುಲ್ವರ್‌ಹ್ಯಾಂಪ್ಟನ್ ಥರದ ಬೇರೆ ಊರಿನ ಕೌನ್ಸಿಲ್ (ಅಲ್ಲಿ ಲೈಸೆನ್ಸ್ ಕೊಡುವ ಸ್ಥಳೀಯ ಆಡಳಿತ) ಹೆಸರಿದ್ದರೆ ಗಾಬರಿ ಬೇಡ. ಮೂರೂ ಲೈಸೆನ್ಸ್ ಒಂದೇ ಕೌನ್ಸಿಲ್‌ನದಾದರೆ ಅದು ಕಾನೂನುಬದ್ಧವೇ. ನನಗಂತೂ ಈ ನಿಯಮ ಸರಿ ಕಾಣೋದಿಲ್ಲ. ಓಡೋದು ಲಂಡನ್‌ನಲ್ಲಿ, ಲೈಸೆನ್ಸ್ ರದ್ದು ಮಾಡೋ ಅಧಿಕಾರ ಇನ್ನೆಲ್ಲೋ ಅಂದ್ರೆ ಹೇಗೆ?

ಹಿಂದಿನ ಸೀಟಿನಲ್ಲೇ ಕೂರಲಿ, ಟ್ರಿಪ್ ವಿವರ ನಿಮಗೆ ಕಳಿಸಲಿ. ದಾರಿಯಲ್ಲಿ ಅಪಾಯ ಅನಿಸಿದರೆ ತಡಮಾಡದೆ ತುರ್ತು ನಂಬರ್ 999ಕ್ಕೆ ಫೋನ್ ಮಾಡಲಿ. ಆಮೇಲೆ ಆಪರೇಟರ್‌ಗೂ ಲೈಸೆನ್ಸ್ ಕೊಟ್ಟವರಿಗೂ ದೂರು ಕೊಡಬಹುದು.